ಆರ್ಕೆಸ್ಟ್ರಾಕ್ಕೆ ಓವರ್‌ಡ್ರೈವ್ ಪೆಡಲ್: ಏಳು ಸಾವಿರದೊಳಗೆ ಯಾವುದು?

ತಿಲಕವಾಡಿ_ತಂತಿ · ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯವನು. ಹಗಲು ಅಕೌಂಟ್ಸ್ ಕೆಲಸ, ಸಂಜೆ ಆರ್ಕೆಸ್ಟ್ರಾದಲ್ಲಿ ಗಿಟಾರ್. ಮದುವೆ, ಜಾತ್ರೆ, ಗಣಪತಿ, ಕರೆದಲ್ಲಿಗೆ ಹೋಗುತ್ತೇವೆ. ಕನ್ನಡ, ಮರಾಠಿ, ಹಿಂದಿ ಮೂರೂ ಬಾರಿಸಬೇಕು.

ಗಿಟಾರ್ ಸ್ಕ್ವಯರ್ ಸ್ಟ್ರಾಟ್, ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಸುರುಳಿ). ಸದ್ಯಕ್ಕೆ ಗೆಳೆಯನ ಡಿಸ್ಟಾರ್ಷನ್ ಪೆಡಲ್ (ಕಾಲಿನಿಂದ ಒತ್ತಿದರೆ ಗಿಟಾರಿನ ದನಿ ಒಡೆಯುವಂತೆ ಮಾಡುವ ಡಬ್ಬಿ) ಒಂದಿದೆ. ಅದನ್ನು ಒತ್ತಿದರೆ ಎಲ್ಲ ಹಾಡೂ ಮೆಟಲ್ ಆಗುತ್ತದೆ. ನನಗೆ ಅಷ್ಟು ಬೇಡ, ಅದಕ್ಕಿಂತ ಮೆದುವಾದ ಓವರ್‌ಡ್ರೈವ್ ಸಾಕು. ಮೆಲ್ಲಗೆ ಬಾರಿಸಿದರೆ ಸ್ವಚ್ಛವಾಗಿರಬೇಕು, ಜೋರಾಗಿ ಹೊಡೆದರೆ ಗಂಟಲು ಸ್ವಲ್ಪ ಒಡೆದ ಹಾಗೆ ಬರಬೇಕು. ಹಾಡಿನ ನಡುವೆ ಬರುವ ಸೋಲೊ ಜನಕ್ಕೆ ಕೇಳಿಸಬೇಕು. ಇಷ್ಟೇ ಆಸೆ.

ಬಜೆಟ್ ಏಳು ಸಾವಿರ. ಇಲ್ಲಿ ಎರಡು ಅಂಗಡಿ ತಿರುಗಿದೆ. ಎರಡರಲ್ಲೂ ಗಿಟಾರ್ ಇವೆ, ತಂತಿ ಇವೆ, ಪೆಡಲ್ ತರಿಸಿ ಕೊಡುತ್ತೇವೆ ಎಂದರು. ನುಡಿಸಿ ನೋಡದೆ ತಗೊಳ್ಳುವುದು ಅಂದರೆ ಫೋಟೋ ನೋಡಿ ಹೆಣ್ಣು ಒಪ್ಪಿದ ಹಾಗೆ. ಗಣಪತಿಗೆ ಇನ್ನು ಐದು ವಾರ. ಗೊತ್ತಿದ್ದವರು ಹೇಳಿ.

ನವನಗರ_808 · ಸೋಮವಾರ, ರಾತ್ರಿ 11:05

ಟ್ಯೂಬ್ ಸ್ಕ್ರೀಮರ್. ಮುಗಿಯಿತು.

1979ರ ಸುಮಾರಿಗೆ ಬಂದ ಐಬನೆಜ್ ಟಿಎಸ್808, ಆಮೇಲೆ 1982ರ ಟಿಎಸ್9. ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ತನ್ನ ಸ್ಟ್ರಾಟ್ ಮುಂದೆ ಇಟ್ಟುಕೊಂಡಿದ್ದು ಇದನ್ನೇ. ಬೇರೆ ಯಾರು ಏನೇ ಹಸಿರು ಡಬ್ಬಿ ಮಾಡಿದರೂ ಅದು ಇದರ ನಕಲು. ಹೊಸ ಟಿಎಸ್9 ನಿಮ್ಮ ಬಜೆಟ್ ಮೀರುತ್ತದೆ, ಅದರ ಚಿಕ್ಕ ಮಾದರಿ ಮಿನಿ ನೋಡಿ. ಬಾಗಲಕೋಟೆಯಲ್ಲಿ ನನ್ನ ಹತ್ತಿರ ಇದೆ. ಈ ಕಡೆ ಬಂದರೆ ನುಡಿಸಿ ನೋಡಿ, ಚಹಾನೂ ಕೊಡುತ್ತೇನೆ.

ಜಲನಗರ_ಬ್ಲೂಸ್ · ಮಂಗಳವಾರ, ಬೆಳಗ್ಗೆ 7:20

ವಿಜಯಪುರದಿಂದ ಒಂದು ಬೇರೆ ಮಾತು. ಟ್ಯೂಬ್ ಸ್ಕ್ರೀಮರ್ ಹಾಕಿದರೆ ಗಿಟಾರಿಗೆ ನೆಗಡಿ ಆದ ಹಾಗೆ ಕೇಳುತ್ತದೆ. ಮೂಗಿನಲ್ಲೇ ಹಾಡುತ್ತದೆ. ಬೇಸ್ ಎಲ್ಲ ಎಲ್ಲಿಗೋ ಹೋಗಿರುತ್ತದೆ.

ಬಾಸ್ ಕಂಪನಿಯ ಬ್ಲೂಸ್ ಡ್ರೈವರ್ ಪೆಡಲ್ ತಗೊಳ್ಳಿ. 1995ರಿಂದ ಬರುತ್ತಿದೆ, ಇನ್ನೂ ನಿಂತಿಲ್ಲ. ನೀವು ಕೇಳಿದ್ದೀರಲ್ಲ, ಮೆಲ್ಲಗೆ ಬಾರಿಸಿದರೆ ಸ್ವಚ್ಛ, ಜೋರಾಗಿ ಹೊಡೆದರೆ ಒಡೆಯಬೇಕು ಅಂತ. ಆ ಗುಣ ಇದರಲ್ಲಿ ಜಾಸ್ತಿ. ಗಿಟಾರಿನ ವಾಲ್ಯೂಮ್ ಆರಕ್ಕೆ ಇಳಿಸಿ, ತಾನಾಗಿಯೇ ಶುಭ್ರವಾಗುತ್ತದೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ನಿಮ್ಮ ಬಜೆಟ್‌ನಲ್ಲೇ ಬರಬಹುದು.

ನವನಗರ_808 · ಮಂಗಳವಾರ, ಬೆಳಗ್ಗೆ 7:45

ಅಣ್ಣಾ, ನೀವು ಮನೆಯಲ್ಲಿ ಒಬ್ಬರೇ ಬಾರಿಸುವವರು. ಇವರದ್ದು ಆರ್ಕೆಸ್ಟ್ರಾ. ಎರಡು ಕೀಬೋರ್ಡ್, ಒಂದು ಬೇಸ್ ಗಿಟಾರ್, ಆಕ್ಟಾಪ್ಯಾಡ್, ಢೋಲಕಿ. ಕೆಳಗಿನ ಸ್ವರದಲ್ಲಿ ಜಾಗ ಎಲ್ಲಿದೆ? ಆ ನೆಗಡಿ ಅಂತೀರಲ್ಲ, ಅದೇ ಗುಂಪಿನಲ್ಲಿ ಗಿಟಾರನ್ನು ಮುಂದೆ ತರುವುದು. ಸಂತೆಯಲ್ಲಿ ಕೂಗುವವರು ಎದೆಯಿಂದ ಕೂಗುತ್ತಾರಾ? ಮೂಗಿನಿಂದಲೇ ಕೂಗುತ್ತಾರೆ, ಮೂರನೇ ಅಂಗಡಿಗೂ ಕೇಳುತ್ತದೆ.

ಜಲನಗರ_ಬ್ಲೂಸ್ · ಮಂಗಳವಾರ, ಬೆಳಗ್ಗೆ 7:52

ಸಂತೆಯಲ್ಲಿ ಕೂಗುವವರ ಹಾಡು ಕೇಳಲು ಯಾರೂ ಟಿಕೆಟ್ ತಗೊಳ್ಳಲ್ಲ.

ಗೋಕಾಕ_ಬೆಂಜೋ · ಮಂಗಳವಾರ, ಮಧ್ಯಾಹ್ನ 1:10

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಬೆಂಜೋ ಪಾರ್ಟಿಯಲ್ಲಿ ಬಾರಿಸುತ್ತೇನೆ, ಪಿಕಪ್ ಹಾಕಿದ ಬೆಂಜೋ (ಪಟ್ಟಿ ಒತ್ತಿ ತಂತಿ ಬಾರಿಸುವ ಬುಲ್‌ಬುಲ್ ತರಂಗ್). ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ. ಇದಕ್ಕೂ ಓವರ್‌ಡ್ರೈವ್ ಹಾಕಬಹುದಾ? ಒಮ್ಮೆ ಯಾರದ್ದೋ ಪೆಡಲ್ ಹಾಕಿ ನೋಡಿದೆ. ಒಂಟಿ ಸ್ವರ ಚೆನ್ನಾಗಿತ್ತು, ಎಲ್ಲ ತಂತಿ ಒಟ್ಟಿಗೆ ಬಾರಿಸಿದರೆ ರಾಡಿ ಆಯಿತು.

ಬೆಸುಗೆ_ಕಾಕಾ · ಮಂಗಳವಾರ, ರಾತ್ರಿ 9:30

ಬೆಂಜೋ ತಮ್ಮಾ, ನಿನ್ನ ಪ್ರಶ್ನೆ ಚೆನ್ನಾಗಿದೆ. ಆಮೇಲೆ ಬರುತ್ತೇನೆ.

ತಿಲಕವಾಡಿಯವರೇ, ಇವರಿಬ್ಬರೂ ಜಗಳ ಆಡಲಿ. ನನಗೆ ಒಂದೇ ಒಂದು ಹೇಳಿ. ಪೆಡಲ್‌ನಿಂದ ಹೊರಗೆ ಬಂದ ವೈರ್ ಎಲ್ಲಿಗೆ ಹೋಗುತ್ತದೆ? ಆಂಪ್ ಯಾವುದು?

ತಿಲಕವಾಡಿ_ತಂತಿ · ಮಂಗಳವಾರ, ರಾತ್ರಿ 9:48

ಕಾಕಾ, ಆಂಪ್ ಇಲ್ಲ. ಅಂದರೆ ಮನೆಯಲ್ಲಿ 10 ವ್ಯಾಟಿನ ಚಿಕ್ಕದೊಂದಿದೆ, ಪ್ರಾಕ್ಟೀಸಿಗೆ. ಪ್ರೋಗ್ರಾಮ್‌ನಲ್ಲಿ ನೇರ ಮಿಕ್ಸರ್‌ಗೆ ಹಾಕುತ್ತೇವೆ. ಕೀಬೋರ್ಡ್ ಹೋಗುವ ಹಾಗೆಯೇ. ಇಲ್ಲಿ ಎಲ್ಲರೂ ಹಾಗೇ ಮಾಡುವುದು ಅಲ್ವಾ?

ಹೋದ ತಿಂಗಳು ಒಂದು ಮದುವೆಯಲ್ಲಿ ಗೆಳೆಯನ ಪೆಡಲ್ ಒತ್ತಿದೆ. ಸೌಂಡ್ ಆಪರೇಟರ್ ಎದ್ದು ಸ್ಟೇಜ್ ತನಕ ಬಂದ. ನನ್ನ ಕಿವಿ ಹತ್ತಿರ ಬಗ್ಗಿ, "ಅಣ್ಣಾ, ಜೇನುಗೂಡಿಗೆ ಕಲ್ಲು ಹೊಡೆದಂಗ ಕೇಳಾಕತ್ತೇತಿ, ಆಫ್ ಮಾಡ್ರಿ" ಅಂದ. ಮದುಮಗನ ತಂಗಿ ನಗುತ್ತಿದ್ದಳು. ಅದಕ್ಕೇ ಒಳ್ಳೆಯ ಪೆಡಲ್ ತಗೊಳ್ಳೋಣ ಅಂತ ಹೊರಟಿದ್ದು.

ಬೆಸುಗೆ_ಕಾಕಾ · ಮಂಗಳವಾರ, ರಾತ್ರಿ 10:35

ಅಲ್ಲಿದೆ ನೋಡಿ ಕಥೆ. ಪೆಡಲ್ ಬದಲಾಯಿಸಿದರೆ ಜೇನುಹುಳದ ಜಾತಿ ಬದಲಾಗುತ್ತದೆ, ಗೂಡು ಹಾಗೇ ಇರುತ್ತದೆ.

ನಾನು ಉದ್ಯಮಬಾಗಿನಲ್ಲಿ ಮಷೀನ್ ಪ್ಯಾನೆಲ್ ರಿಪೇರಿ ಮಾಡುವವನು. ಪೆಡಲ್ ಕಟ್ಟುವುದು ಭಾನುವಾರದ ಹುಚ್ಚು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಓವರ್‌ಡ್ರೈವ್ ಮಾಡುವುದೇನು? ಸಿಗ್ನಲ್ ದೊಡ್ಡದು ಮಾಡಿ ತಲೆ ಕತ್ತರಿಸುತ್ತದೆ. ದುಂಡಗಿನ ಅಲೆಯ ತುದಿ ಚಪ್ಪಟೆ ಆಗುತ್ತದೆ. ತುದಿ ಚಪ್ಪಟೆ ಆದಷ್ಟೂ ಮೇಲಿನ ಹಾರ್ಮಾನಿಕ್ (ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಸ್ವರ) ಹುಟ್ಟುತ್ತವೆ. 5 ಕಿಲೋಹರ್ಟ್ಸ್, 8 ಕಿಲೋಹರ್ಟ್ಸ್, ಅದಕ್ಕೂ ಮೇಲೆ. ಈ ಮೇಲಿನ ಪಾಲೇ ನಿಮ್ಮ ಜೇನುಹುಳ.

ಗಿಟಾರ್ ಆಂಪ್‌ನ ಸ್ಪೀಕರ್‌ಗೆ ಟ್ವೀಟರ್ (ಎತ್ತರದ ಸ್ವರಕ್ಕೆಂದೇ ಇರುವ ಚಿಕ್ಕ ಸ್ಪೀಕರ್) ಇರುವುದಿಲ್ಲ. ದಪ್ಪ ಕಾಗದದ ಕೋನ್. ಸುಮಾರು 5 ಕಿಲೋಹರ್ಟ್ಸ್ ದಾಟಿದರೆ ಅದರ ದನಿ ಬಿದ್ದುಹೋಗುತ್ತದೆ. ನಾವು ರೆಕಾರ್ಡ್‌ನಲ್ಲಿ ಕೇಳಿ ಇಷ್ಟಪಟ್ಟ ಓವರ್‌ಡ್ರೈವ್ ಎಲ್ಲ ಈ ಕಾಗದದಿಂದ ಸೋಸಿ ಬಂದದ್ದು. ಮದುವೆಯ ಪಿಎ ಬಾಕ್ಸ್‌ನಲ್ಲಿ ಹಾರ್ನ್ ಇದೆ. ಅದು 15 ಕಿಲೋಹರ್ಟ್ಸ್ ತನಕ ಒಂದನ್ನೂ ಬಿಡದೆ ಜನರ ಕಿವಿಗೆ ಮುಟ್ಟಿಸುತ್ತದೆ. ಚಹಾವನ್ನು ಸೋಸದೆ ಕೊಟ್ಟ ಹಾಗೆ. ಪುಡಿ ಎಷ್ಟು ಒಳ್ಳೆಯದಾದರೇನು, ಬಾಯಿಗೆ ಚರಟವೇ ಬರುವುದು.

ಇನ್ನೊಂದು. ಸ್ಟ್ರಾಟ್ ನೇರ ಮಿಕ್ಸರ್‌ಗೆ ಹಾಕಿದಾಗ, ಪೆಡಲ್ ಇಲ್ಲದೆಯೂ, ದನಿ ಮಂಕಾಗುತ್ತದಾ? ಆಗಲೇಬೇಕು. ಗಿಟಾರಿನ ಪಿಕಪ್ ಬಲಹೀನ ಮೂಲ. ಅದಕ್ಕೆ ಎದುರಿಗೆ ಐದು ಲಕ್ಷ, ಹತ್ತು ಲಕ್ಷ ಓಮ್ ಇನ್‌ಪುಟ್ ಬೇಕು. ಮಿಕ್ಸರ್‌ನ ಲೈನ್ ಇನ್‌ಪುಟ್ ಸಾಮಾನ್ಯವಾಗಿ ಹತ್ತಿಪ್ಪತ್ತು ಸಾವಿರ ಓಮ್. ಕೀಬೋರ್ಡ್‌ಗೆ ಅದು ಸರಿ, ಗಿಟಾರಿಗೆ ಅದು ಹೊರೆ. ನಡುವೆ ಬಾಸ್ ತರಹದ ಬಫರ್ (ಪಿಕಪ್‌ಗೆ ಹೊರೆ ತಾಗದ ಹಾಗೆ ನಡುವೆ ನಿಲ್ಲುವ ಸರ್ಕ್ಯೂಟ್) ಇರುವ ಪೆಡಲ್ ಒಂದಿದ್ದರೆ, ಆಫ್ ಇದ್ದಾಗಲೂ ಈ ತೊಂದರೆ ಹೋಗುತ್ತದೆ. ಟ್ರೂ ಬೈಪಾಸ್ ಟ್ರೂ ಬೈಪಾಸ್ ಅಂತ, ಅಂದರೆ ಆಫ್ ಇದ್ದಾಗ ಸಿಗ್ನಲ್ ಏನನ್ನೂ ಮುಟ್ಟದೆ ನೇರ ದಾಟಬೇಕು ಅಂತ, ಹುಡುಗರು ಕುಣಿಯುತ್ತಾರೆ. ನಿಮ್ಮ ವಿಷಯದಲ್ಲಿ ಬಫರೇ ಒಳ್ಳೆಯದು.

ಅದಕ್ಕೇ ಏಳು ಸಾವಿರದಲ್ಲಿ ಮೊದಲು ಸೋಸುವ ಬಟ್ಟೆಯ ಲೆಕ್ಕ ಹಾಕಿ. ಉಳಿದದ್ದು ಪೆಡಲ್‌ಗೆ.

ಮಿಕ್ಸರ್_ಮನುಷ್ಯ · ಮಂಗಳವಾರ, ರಾತ್ರಿ 11:50

ಚಿಕ್ಕೋಡಿ ಕಡೆ ಸೌಂಡ್ ಮಾಡುವವನು ನಾನು. ಕಾಕಾನ ಬಾಯಿಗೆ ಸಕ್ಕರೆ.

ಗಿಟಾರ್‌ನವರು ಬಂದು "ಟ್ರೆಬಲ್ ಕಡಿಮೆ ಮಾಡಿ" ಅನ್ನುತ್ತಾರೆ. ಮಾಡುತ್ತೇನೆ. ಆದರೆ ನನ್ನ ಮಿಕ್ಸರ್‌ನ ಟ್ರೆಬಲ್ ಗುಂಡಿ ಇರುವುದು 12 ಕಿಲೋಹರ್ಟ್ಸ್‌ನಲ್ಲಿ. ಕಿರಿಕಿರಿ ಇರುವುದು 4ರಿಂದ 8ರ ನಡುವೆ. ಆ ಗುಂಡಿಯಿಂದ ಅದು ಪೂರ್ತಿ ಹೋಗಲ್ಲ. ನಾವು ಸುಮ್ನೆ ಫೇಡರ್ (ದನಿ ಏರಿಸಿ ಇಳಿಸುವ ಪಟ್ಟಿ) ಇಳಿಸುತ್ತೇವೆ. ನೀವು ಪೆಡಲ್‌ನಲ್ಲಿ ಏರಿಸುತ್ತೀರಿ. ನಾವು ಮತ್ತೆ ಇಳಿಸುತ್ತೇವೆ. ರಾತ್ರಿ ಪೂರ್ತಿ ಇದೇ ಕಬಡ್ಡಿ.

ಆ ಮದುವೆಯ ಆಪರೇಟರ್ ನಾನಲ್ಲ. ಆದರೆ ನಾನಿದ್ದರೂ ಅದೇ ಮಾತು ಹೇಳುತ್ತಿದ್ದೆ.

ಕ್ಯಾಂಪ್_ಕ್ವಾಯರ್ · ಬುಧವಾರ, ಬೆಳಗ್ಗೆ 6:55

ಬೆಳಗಾವಿ ಕ್ಯಾಂಪ್‌ನವಳು, ಚರ್ಚಿನಲ್ಲಿ ಗಿಟಾರ್ ಬಾರಿಸುತ್ತೇನೆ. ಅಲ್ಲಿಯೂ ಆಂಪ್ ಇಲ್ಲ, ನೇರ ಮಿಕ್ಸರ್. ಎರಡು ವರ್ಷ ಹೀಗೇ ಒದ್ದಾಡಿದ್ದೇನೆ. ನಾನು ಮಾಡಿದ್ದನ್ನು ಹೇಳುತ್ತೇನೆ.

ಒಂದು ದಾರಿ, ಆಂಪ್ ಮತ್ತು ಸ್ಪೀಕರ್ ಎರಡರ ಗುಣವೂ ಇರುವ ಪೆಡಲ್. ನಾನು ಜೋಯೊ ಅಮೆರಿಕನ್ ಸೌಂಡ್ ಇಟ್ಟುಕೊಂಡಿದ್ದೇನೆ. ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಬ್ಲಾಂಡ್ ನೋಡಿ ಮಾಡಿದ್ದು, ಬೆಲೆ ಅದರ ಮುಂದೆ ಬಹಳ ಕಡಿಮೆ. ಹಳೆಯ ಫೆಂಡರ್ ಆಂಪ್ ತರಹದ ದನಿ, ಸ್ಪೀಕರ್‌ನ ಸೋಸುವಿಕೆಯೂ ಒಳಗೇ ಇದೆ. ಅದರ ಡ್ರೈವ್ ಸ್ವಲ್ಪ ಏರಿಸಿದರೆ ಅದೇ ಓವರ್‌ಡ್ರೈವ್ ಆಗುತ್ತದೆ. ಮುಂದೆ ಇನ್ನೊಂದು ಓವರ್‌ಡ್ರೈವ್ ಇಟ್ಟರೆ ಸೋಲೊಗೆ ಬರುತ್ತದೆ.

ಎರಡನೇ ದಾರಿಗೆ ಖರ್ಚೇ ಇಲ್ಲ. ನಿಮ್ಮ 10 ವ್ಯಾಟಿನ ಆಂಪ್ ತಗೊಂಡು ಹೋಗಿ. ಪ್ಲಾಸ್ಟಿಕ್ ಕುರ್ಚಿ ಮೇಲೆ ಇಡಿ. ಹಾಡುವವರ ಮೈಕ್ ಒಂದನ್ನು ಅದರ ಬಟ್ಟೆಗೆ ಎರಡು ಬೆರಳು ದೂರದಲ್ಲಿ ನಿಲ್ಲಿಸಿ. ಸ್ಪೀಕರ್‌ನ ನಟ್ಟನಡುವೆ ಹಿಡಿದರೆ ಕರ್ಕಶ, ಅಂಚಿಗೆ ಸರಿದಷ್ಟು ಮೆತ್ತಗೆ. ಟಾರ್ಚ್ ಹಾಕಿ ಬಟ್ಟೆ ಒಳಗೆ ಕೋನ್ ಎಲ್ಲಿದೆ ನೋಡಿಕೊಳ್ಳಿ. ನಾನು ಮೊದಲ ಸಲ ಮೈಕ್ ಇಟ್ಟದ್ದು ಸ್ಪೀಕರ್ ಇಲ್ಲದ ಮೂಲೆಗೆ. ಅರ್ಧ ಗಂಟೆ ಎಲ್ಲರೂ ಮಿಕ್ಸರ್‌ಗೆ ಬೈದೆವು.

ನವನಗರ_808 · ಬುಧವಾರ, ಬೆಳಗ್ಗೆ 8:15

ಅಕ್ಕಾ ಹೇಳಿದ್ದು ಸರಿ. ಒಪ್ಪಿದೆ. ಆದರೂ ಮೂಲ ಪ್ರಶ್ನೆ ಉಳಿಯಿತು. ಯಾವ ಪೆಡಲ್? ಕಾಕಾ, ಟ್ಯೂಬ್ ಸ್ಕ್ರೀಮರ್ ಅಂತ ಒಂದು ಮಾತು ಹೇಳಿಬಿಡಿ, ನನಗೂ ಸಮಾಧಾನ.

ಜಲನಗರ_ಬ್ಲೂಸ್ · ಬುಧವಾರ, ಬೆಳಗ್ಗೆ 8:20

ಕ್ಲೋನ್ ಕಂಪನಿಯ ಸೆಂಟಾರ್ ಪೆಡಲ್ ಅಂತ ಹೇಳಿ ಕಾಕಾ. ಎಲ್ಲರ ಬಾಯೂ ಮುಚ್ಚುತ್ತದೆ.

ಬೆಸುಗೆ_ಕಾಕಾ · ಬುಧವಾರ, ರಾತ್ರಿ 9:15

ಬಿಲ್ ಫಿನ್ನೆಗನ್ 1994ರಲ್ಲಿ ಸೆಂಟಾರ್ ಮಾರಲು ಶುರು ಮಾಡಿದ. ಯಾರೂ ನಕಲು ಮಾಡಬಾರದು ಅಂತ ಒಳಗೆ ಕಪ್ಪು ಎಪಾಕ್ಸಿ ಸುರಿದ. ಆದರೂ ನಕಲು ಮಾಡಿದರು. ಇವತ್ತು ಹಳೆಯದೊಂದಕ್ಕೆ ಲಕ್ಷಗಟ್ಟಲೆ ಕೇಳುತ್ತಾರೆ. ಆ ದುಡ್ಡಿಗೆ ಮುರ್ರಾ ಎಮ್ಮೆ ಕಟ್ಟಿದರೆ ದಿನಾ ಹಾಲಾದರೂ ಬರುತ್ತದೆ.

ಈಗ ಟ್ಯೂಬ್ ಸ್ಕ್ರೀಮರ್. ನಾನು ಇದನ್ನು ನಾಲ್ಕು ಸಲ ಕಟ್ಟಿದ್ದೇನೆ, ಹೊಟ್ಟೆಯೊಳಗೆ ಏನಿದೆ ಅಂತ ಗೊತ್ತು. ಒಂದು 4558 ಚಿಪ್. ಅದರ ಫೀಡ್‌ಬ್ಯಾಕ್ ದಾರಿಯಲ್ಲಿ ಎದುರುಬದುರು ಎರಡು ಸಿಲಿಕಾನ್ ಡಯೋಡ್, ಅಲೆಯ ತಲೆ ಕತ್ತರಿಸುವುದು ಇವೇ. ಒಂದು 4.7 ಕಿಲೋಓಮ್ ರೆಸಿಸ್ಟರ್, ಅದಕ್ಕೆ ಜೊತೆಯಾಗಿ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್. ಈ ಎರಡು ಸೇರಿ 720 ಹರ್ಟ್ಸ್‌ಗೆ ಗೆರೆ ಎಳೆಯುತ್ತವೆ. ಅದರ ಕೆಳಗಿನ ಸ್ವರಕ್ಕೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನುವುದು) ಕಡಿಮೆ ಕಡಿಮೆ ಆಗುತ್ತಾ ಹೋಗುತ್ತದೆ. ಗಿಟಾರಿನ ಕೆಳಗಿನ ತಂತಿ 82 ಹರ್ಟ್ಸ್, ಅದು ಹೆಚ್ಚೇನೂ ಒಡೆಯುವುದಿಲ್ಲ. ಜಲನಗರದವರ ನೆಗಡಿ ಬರುವುದು ಇಲ್ಲಿಂದ. ನವನಗರದವರ ಸಂತೆಯ ಕೂಗೂ ಇಲ್ಲಿಂದಲೇ. ಒಂದೇ ರೆಸಿಸ್ಟರ್‌ಗೆ ಇಬ್ಬರೂ ಎರಡು ಹೆಸರು ಇಟ್ಟು ಹೊಡೆದಾಡಿದ್ದೀರಿ.

ಬೇಸ್ ಬೇಕಾದರೆ ಆ ಕೆಪಾಸಿಟರ್ ಕಿತ್ತು 0.1 ಹಾಕಿ. ಗೆರೆ 340ರ ಹತ್ತಿರ ಇಳಿಯುತ್ತದೆ. ಎರಡು ಮೂರು ರೂಪಾಯಿ ಖರ್ಚು.

ಇನ್ನೊಂದು ಗಮ್ಮತ್ತು. ಡ್ರೈವ್ ಗುಂಡಿಯನ್ನು ಸೊನ್ನೆಗೆ ಇಟ್ಟರೂ ಒಳಗೆ 51 ಕಿಲೋಓಮ್ ಉಳಿದಿರುತ್ತದೆ. ಲೆಕ್ಕ ಹಾಕಿದರೆ ಮೇಲಿನ ಸ್ವರಗಳಿಗೆ ಸುಮಾರು 12 ಪಟ್ಟು ಗೇನ್. ಪೂರ್ತಿ ತಿರುಗಿಸಿದರೆ 118 ಪಟ್ಟು. ಅಂದರೆ ಸೊನ್ನೆ ಅನ್ನುವುದು ಸೊನ್ನೆಯಲ್ಲ. ಅದಕ್ಕೇ ಜೋರಾಗಿ ಬಾರಿಸುವವರಿಗೆ ಸೊನ್ನೆಯಲ್ಲೂ ಸ್ವಲ್ಪ ಒಡೆಯುತ್ತದೆ.

ಬಾಸ್ ಎಸ್‌ಡಿ-1, 1981ರದ್ದು. ಅದೇ ಕುಟುಂಬ, ಒಂದು ಡಯೋಡ್ ಜಾಸ್ತಿ. ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು. ಅಲೆಯ ಮೇಲಿನ ತಲೆ ಒಂದು ಎತ್ತರಕ್ಕೆ, ಕೆಳಗಿನದು ಇನ್ನೊಂದು ಎತ್ತರಕ್ಕೆ ಕತ್ತರಿಸುತ್ತದೆ. ಈ ಉಪಾಯ ಬಾಸ್‌ನವರ 1977ರ ಓಡಿ-1ರಲ್ಲೇ ಇತ್ತು. ಕಣ್ಣು ಮುಚ್ಚಿ ಕುಳಿತರೆ ಎಸ್‌ಡಿ-1 ಯಾವುದು, ಟಿಎಸ್9 ಯಾವುದು ಅಂತ ನನಗೆ ಮನೆಯಲ್ಲಿ ಹತ್ತಕ್ಕೆ ಆರು ಸಲ ಗೊತ್ತಾಗುತ್ತದೆ. ಗಣಪತಿ ಪೆಂಡಾಲ್‌ನಲ್ಲಿ ಒಂದು ಸಲವೂ ಆಗಲ್ಲ.

ನನ್ನ ತೀರ್ಪು: ಎಸ್‌ಡಿ-1. ಬಫರ್ ಇದೆ. ಬಜೆಟ್ ಒಳಗೆ ಬರುತ್ತದೆ. 9 ವೋಲ್ಟ್ ಬ್ಯಾಟರಿ ಮೇಲೂ ನಡೆಯುತ್ತದೆ. ಟ್ಯೂಬ್ ಸ್ಕ್ರೀಮರ್ ಮಿನಿಯಲ್ಲಿ ಬ್ಯಾಟರಿಗೆ ಜಾಗವೇ ಇಲ್ಲ, ಅಡಾಪ್ಟರ್ ಬೇಕೇ ಬೇಕು. ಜಾತ್ರೆಯಲ್ಲಿ ಬ್ಯಾಟರಿ ಎಷ್ಟು ದೊಡ್ಡ ವಿಷಯ ಅಂತ ಮಿಕ್ಸರ್ ಮನುಷ್ಯ ಹೇಳಲಿ.

ಮಿಕ್ಸರ್_ಮನುಷ್ಯ · ಬುಧವಾರ, ರಾತ್ರಿ 11:58

ಬಹಳ ದೊಡ್ಡದು. ಜನರೇಟರ್, ಸೀರಿಯಲ್ ಲೈಟ್, ಡಿಮ್ಮರ್, ಎಲ್‌ಇಡಿ ಗೋಡೆ, ಎಲ್ಲ ಒಂದೇ ಬೋರ್ಡ್‌ಗೆ. ಅದರಲ್ಲಿ ನಿಮ್ಮ ಅಡಾಪ್ಟರ್ ಚುಚ್ಚಿದರೆ ಗುಂಯ್ ಅನ್ನದೆ ಇನ್ನೇನು? ಬ್ಯಾಟರಿ ಹಾಕಿದ ಪೆಡಲ್‌ಗೆ ಆ ದಾರಿ ಬಂದ್.

ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಗುಂಯ್ ಹೋಗಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕುವ ಹುಡುಗರಿದ್ದಾರೆ. ಮಳೆಗಾಲ, ಒದ್ದೆ ಸ್ಟೇಜ್, ಕೈಯಲ್ಲಿ ತಂತಿ, ತುಟಿಗೆ ಕಬ್ಬಿಣದ ಮೈಕ್. ಜೀವಕ್ಕೆ ಬರುತ್ತದೆ. ಗುಂಯ್ ತರುವ ಅರ್ಥ್ ಲೂಪ್ ಮುರಿಯಬೇಕಾದರೆ ಡಿಐ ಬಾಕ್ಸ್‌ನಲ್ಲಿ (ವಾದ್ಯವನ್ನು ಮಿಕ್ಸರ್‌ಗೆ ಸೇರಿಸುವ ಡಬ್ಬಿ) ಗ್ರೌಂಡ್ ಲಿಫ್ಟ್ ಸ್ವಿಚ್ ಇರುತ್ತದೆ, ಅದನ್ನು ಒತ್ತಿ. ಅದು ಸಿಗ್ನಲ್ ವೈರ್‌ನ ಶೀಲ್ಡ್ ಬಿಡಿಸುತ್ತದೆ, ಕರೆಂಟಿನ ಅರ್ಥ್ ಮುಟ್ಟುವುದಿಲ್ಲ.

ಜಲನಗರ_ಬ್ಲೂಸ್ · ಗುರುವಾರ, ಬೆಳಗ್ಗೆ 7:05

ಅಡಾಪ್ಟರ್ ಮಾತು ಬಂತಲ್ಲ, ನನ್ನ ದಡ್ಡತನ ಹೇಳಿಬಿಡುತ್ತೇನೆ, ಬೇರೆಯವರಿಗೆ ಉಪಯೋಗ ಆಗಲಿ.

ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಪೆಡಲ್ ತರಿಸಿದೆ. ಜೊತೆಗೆ ಅಡಾಪ್ಟರ್ ಬರಲಿಲ್ಲ. ಮನೆಯಲ್ಲಿ ಹಳೆಯ ವೈಫೈ ರೂಟರ್‌ನದು ಇತ್ತು. 9 ವೋಲ್ಟ್ ಅಂತ ಬರೆದಿತ್ತು, ಪಿನ್ ಕೂಡ ಸರಿಯಾಗಿ ಕುಳಿತಿತು. ಸ್ವಿಚ್ ಹಾಕಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಊದುಬತ್ತಿ ಆರಿದಾಗ ಬರುವ ಹಾಗೆ ಒಂದು ಎಳೆ ಹೊಗೆ, ಗುಂಡಿಯ ಸಂದಿಯಿಂದ. ಅಮ್ಮ ಒಳಗಿನಿಂದ "ಏನ್ ಸುಡಾಕತ್ತಿ?" ಅಂದಳು. "ಏನೂ ಇಲ್ಲ" ಅಂದೆ.

ರೂಟರ್ ಅಡಾಪ್ಟರ್‌ನಲ್ಲಿ ನಡುವಿನ ಪಿನ್ ಪಾಸಿಟಿವ್. ಗಿಟಾರ್ ಪೆಡಲ್‌ಗೆ ಸಾಮಾನ್ಯವಾಗಿ ನಡುವಿನದು ನೆಗೆಟಿವ್ ಬೇಕು. ಅಡಾಪ್ಟರ್ ಮೇಲೆ ಸಣ್ಣ ಚಿತ್ರ ಇರುತ್ತದೆ, ವೃತ್ತದ ನಡುವೆ ಚುಕ್ಕಿ. ಅದನ್ನು ನೋಡದೆ ಚುಚ್ಚಬೇಡಿ.

ಬೆಸುಗೆ_ಕಾಕಾ · ಗುರುವಾರ, ರಾತ್ರಿ 8:40

ಆ ಪೆಡಲ್ ಇನ್ನೂ ಇದ್ದರೆ ಎಸೆಯಬೇಡಿ. ಬಾಗಿಲ ಹತ್ತಿರವೇ ಒಂದು ಕಾವಲು ಡಯೋಡ್ ಇರುತ್ತದೆ. ಉಲ್ಟಾ ಕರೆಂಟ್ ಬಂದರೆ ತಾನು ಸುಟ್ಟು ಒಳಗಿನವರನ್ನು ಉಳಿಸುತ್ತದೆ. ಬಹಳ ಸಲ ಅದೊಂದನ್ನು ಬದಲಿಸಿದರೆ ಪೆಡಲ್ ಏಳುತ್ತದೆ. ಕೊರಿಯರ್ ಮಾಡಿ, ನೋಡೋಣ. ಬದಲಿಗೆ ದುಡ್ಡು ಬೇಡ, ವಿಜಯಪುರದ ಒಣದ್ರಾಕ್ಷಿ ಕಳಿಸಿ.

ಈಗ ಬೆಂಜೋ ತಮ್ಮನ ಪ್ರಶ್ನೆ. ನಿಮ್ಮ ಪಾರ್ಟಿಯಲ್ಲಿ ಹಾರ್ಮೋನಿಯಂ ಬಲ್ಲವರು ಇದ್ದರೆ ಅವರಿಗೆ ಓದಿಸು. ಓವರ್‌ಡ್ರೈವ್‌ಗೆ ಎರಡು ಸ್ವರ ಒಟ್ಟಿಗೆ ಕೊಟ್ಟರೆ ಅದು ಅವುಗಳ ವ್ಯತ್ಯಾಸದ ಸ್ವರವನ್ನೂ ತಾನೇ ಹುಟ್ಟಿಸುತ್ತದೆ. ಸಾ 200 ಹರ್ಟ್ಸ್ ಅಂದುಕೋ, ಪ 300. ವ್ಯತ್ಯಾಸ 100. ಅದು ಏನು? ಮಂದ್ರದ ಸಾ. ಕೇಳದೆಯೇ ಕೆಳಗೊಂದು ತಂಬೂರಿ ಕೂತ ಹಾಗೆ. ಅದಕ್ಕೇ ರಾಕ್‌ನವರು ಸಾ-ಪ ಎರಡನ್ನೇ ಹಿಡಿದು ಪವರ್ ಕಾರ್ಡ್ ಅನ್ನುತ್ತಾರೆ.

ಈಗ ಸಾ ಮತ್ತು ಗ ಕೊಡು. ಕಿವಿಗೆ ಶುದ್ಧವಾದ ಗ 250. ಆದರೆ ಪಟ್ಟಿ ಒತ್ತುವ ವಾದ್ಯದಲ್ಲಿ, ಹಾರ್ಮೋನಿಯಂ ಲೆಕ್ಕದಲ್ಲಿ, ಗ ಸುಮಾರು 252. ವ್ಯತ್ಯಾಸ 52. ಸಾ ಆಗಬೇಕಿದ್ದರೆ 50 ಬೇಕಿತ್ತು. ಶ್ರುತಿ ತಪ್ಪಿದ ಸಾ ಒಂದು ಕೆಳಗೆ ಗುನುಗುತ್ತದೆ. ಇಂಥವು ನಾಲ್ಕಾರು ಸೇರಿದರೆ ನೀನು ಹೇಳಿದ ರಾಡಿ. ಮಾಡುವುದೇನು? ಪೆಡಲ್ ಒತ್ತಿದಾಗ ಶ್ರುತಿ ತಂತಿ ಮುಟ್ಟಬೇಡ, ಹಾಡಿನ ತಂತಿ ಮಾತ್ರ ಬಾರಿಸು. ಡ್ರೈವ್ ಕಡಿಮೆ ಇಡು.

ಗೋಕಾಕ_ಬೆಂಜೋ · ಗುರುವಾರ, ರಾತ್ರಿ 9:02

ಕಾಕಾ, ನಮ್ಮ ಹಾರ್ಮೋನಿಯಂ ಮಾಸ್ತರರಿಗೆ ಓದಿಸಿದೆ. "ಇದು ನಮಗೆ ಮೊದಲೇ ಗೊತ್ತು, ಪೆಡಲ್ ಯಾಕೆ ಬೇಕು" ಅಂದರು. ಹಾಗೇ ಶ್ರುತಿ ತಂತಿಗೆ ಬಟ್ಟೆ ಚೂರು ಸಿಕ್ಕಿಸಿ ಕೊಟ್ಟರು. ಈಗ ಸ್ವಚ್ಛವಾಗಿದೆ.

ತಿಲಕವಾಡಿ_ತಂತಿ · ಎರಡು ವಾರದ ನಂತರ, ಭಾನುವಾರ

ಎಸ್‌ಡಿ-1 ಬಂತು. ಹಳದಿ ಡಬ್ಬಿ. ಕೈಯಲ್ಲಿ ಹಿಡಿದರೆ ಅರ್ಧ ಇಟ್ಟಿಗೆಯ ತೂಕ.

ಮನೆಯ ಆಂಪ್‌ನಲ್ಲಿ ಡ್ರೈವ್ ಗುಂಡಿಯನ್ನು ಗಡಿಯಾರದ ಮುಳ್ಳಿನ ಹಾಗೆ ಮೂರು ಗಂಟೆಗೆ ಇಟ್ಟು ಖುಷಿಪಟ್ಟೆ. ಅದೇ ಸೆಟ್ಟಿಂಗ್‌ನಲ್ಲಿ ತಂಡದ ಜೊತೆ ಪ್ರಾಕ್ಟೀಸಿಗೆ ಹೋದೆ. ಗಿಟಾರ್ ಕಾಣೆ! ಬರೀ ಸುಯ್ ಅನ್ನುತ್ತದೆ, ಸ್ವರ ಎಲ್ಲಿದೆ ಗೊತ್ತಿಲ್ಲ. ಅದೂ ಅಲ್ಲದೆ ಟ್ಯೂಬ್‌ಲೈಟ್ ಕೆಳಗೆ ನಿಂತರೆ ಗುಂಯ್, ಪಕ್ಕಕ್ಕೆ ತಿರುಗಿ ನಿಂತರೆ ಕಡಿಮೆ. ಪೆಡಲ್ ಕೆಟ್ಟಿದೆಯಾ?

ಕ್ಯಾಂಪ್_ಕ್ವಾಯರ್ · ಅದೇ ದಿನ

ಕೆಟ್ಟಿಲ್ಲ. ತಿರುಗಿದಾಗ ಗುಂಯ್ ಬದಲಾದರೆ ಅದು ಸಿಂಗಲ್ ಕಾಯಿಲ್ ಹಿಡಿಯುವ ಗದ್ದಲ, ಪೆಡಲ್ ಅದನ್ನು ದೊಡ್ಡದು ಮಾಡಿ ತೋರಿಸುತ್ತಿದೆ. ಪಿಕಪ್ ಸ್ವಿಚ್ ಎರಡನೇ ಅಥವಾ ನಾಲ್ಕನೇ ಜಾಗಕ್ಕೆ ಹಾಕಿ ನೋಡಿ. ನಡುವಿನ ಪಿಕಪ್ ಉಲ್ಟಾ ಸುತ್ತಿದ್ದರೆ ಗುಂಯ್ ಬಹಳ ಮಟ್ಟಿಗೆ ಹೋಗುತ್ತದೆ. ಎಲ್ಲ ಸ್ಟ್ರಾಟ್‌ನಲ್ಲೂ ಹಾಗಿರಲ್ಲ.

ಡ್ರೈವ್ ಹತ್ತು ಗಂಟೆಗೆ ಇಳಿಸಿ. ಲೆವೆಲ್ ಏರಿಸಿ. ಗುಂಪಿನಲ್ಲಿ ಬಾರಿಸುವಾಗ ಮನೆಯಲ್ಲಿ ಬೇಕೆನಿಸಿದ ಡ್ರೈವ್‌ನ ಅರ್ಧ ಸಾಕು. ಜಾಸ್ತಿ ಒಡೆದರೆ ಹೊಡೆತದ ಮೊನೆ ಹೋಗುತ್ತದೆ, ಆ ಮೊನೆಯೇ ಕಿವಿಗೆ ಗಿಟಾರ್ ಅಂತ ಹೇಳುವುದು.

ಮಿಕ್ಸರ್_ಮನುಷ್ಯ · ಅದೇ ದಿನ

ಲೆವೆಲ್ ಹೇಗೆ ಇಡಬೇಕು ಅಂದರೆ, ಪೆಡಲ್ ಒತ್ತಿದರೆ ಸೋಲೊ ತಾನಾಗಿ ಒಂದು ಹೆಜ್ಜೆ ಮುಂದೆ ಬರಬೇಕು. ಆಪರೇಟರ್ ಫೇಡರ್ ಏರಿಸುತ್ತಾನೆ ಅಂತ ನಂಬಬೇಡಿ. ಸೋಲೊ ಬಂದಾಗ ನಾವು ಭಜಿ ತಿನ್ನುತ್ತಿರುತ್ತೇವೆ.

ನವನಗರ_808 · ಅದೇ ದಿನ

ಟೋನ್ ಗುಂಡಿ ಹನ್ನೊಂದು ಗಂಟೆ. ಅದು ಟ್ಯೂಬ್ ಸ್ಕ್ರೀಮರ್ ಸೆಟ್ಟಿಂಗ್, ಆದರೂ ಕೊಡುತ್ತಿದ್ದೇನೆ.

ತಿಲಕವಾಡಿ_ತಂತಿ · ಗಣಪತಿ ಮುಗಿದ ಮೇಲೆ

ಗಂಟಲು ಬಿದ್ದಿದೆ, ಕಾಲು ಊದಿದೆ, ಆದರೂ ಬರೆಯುತ್ತಿದ್ದೇನೆ.

ಅಕ್ಕಾ ಹೇಳಿದ ಎರಡನೇ ದಾರಿಯನ್ನೇ ಹಿಡಿದೆ. ಅಮೆರಿಕನ್ ಸೌಂಡ್‌ಗೆ ದುಡ್ಡು ಉಳಿದಿರಲಿಲ್ಲ. ಶಹಾಪುರದ ಮಂಡಳವೊಂದರಲ್ಲಿ ಮೊದಲ ಪ್ರೋಗ್ರಾಮ್. ಮಳೆ ಜಿಟಿಜಿಟಿ. ಸ್ಟೇಜ್ ಮೇಲೆ ಕೆಂಪು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ನನ್ನ ಆಂಪ್, ಮುಂದೆ ಬಗ್ಗಿಸಿದ ಮೈಕ್. ಆಪರೇಟರ್ ನೋಡಿ ನಕ್ಕ. "ಆಂಪ್‌ಗೆ ಹಾಡಾಕ ಬರ್ತದೇನು?" ಅಂದ. ಅದೇ ಜೇನುಗೂಡಿನ ಆಪರೇಟರ್!

ಪೆಡಲ್ ಬ್ಯಾಟರಿ ಮೇಲೆ. ಡ್ರೈವ್ ಹತ್ತು ಗಂಟೆ, ಟೋನ್ ಹನ್ನೊಂದು, ಲೆವೆಲ್ ಎರಡು. ಮೂರನೇ ಹಾಡಿನ ನಡುವೆ ಸೋಲೊ. ಒತ್ತಿದೆ. ನನ್ನ ಗಿಟಾರ್ ನನಗೇ ಕೇಳಿಸಿತು, ಅದು ಮೊದಲ ಸಲ. ಇಷ್ಟು ದಿನ ಮಾನಿಟರ್‌ನಲ್ಲಿ ಹಾಡುವವರ ದನಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಈಗ ಕುರ್ಚಿ ಮೇಲಿನ ಆಂಪ್ ನನ್ನ ಮೊಣಕಾಲಿಗೇ ಬಾರಿಸುತ್ತಿತ್ತು. ಆಪರೇಟರ್ ಎದ್ದು ಬರಲಿಲ್ಲ. ಹಾಡು ಮುಗಿದ ಮೇಲೆ ದೂರದಿಂದಲೇ ಹೆಬ್ಬೆರಳು ತೋರಿಸಿದ.

ಎರಡನೇ ರಾತ್ರಿ ಒಂದು ಎಡವಟ್ಟು. ಪ್ರೋಗ್ರಾಮ್ ಮುಗಿಸಿ ಪೆಡಲ್‌ನ ಇನ್‌ಪುಟ್ ವೈರ್ ಕೀಳದೆ ಹಾಗೇ ಬ್ಯಾಗಿಗೆ ಹಾಕಿದ್ದೆ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಸೋತಿತ್ತು. ಖಡೇಬಜಾರ್‌ನಲ್ಲಿ ಮೂರು ಅಂಗಡಿ ಸುತ್ತಿ ಹೊಸದು ತಂದೆ.

ಬೆಸುಗೆ_ಕಾಕಾ · ಅದೇ ರಾತ್ರಿ

ವೈರ್ ಚುಚ್ಚಿದ್ದೇ ಆ ಪೆಡಲ್‌ನ ಪವರ್ ಸ್ವಿಚ್. ಕಿತ್ತರೆ ಮಾತ್ರ ಬ್ಯಾಟರಿ ಆಫ್. ಪೆಟ್ಟಿಗೆಯಲ್ಲೇ ಬಂದ ಕಾಗದದಲ್ಲಿ ಬರೆದಿರುತ್ತದೆ, ಯಾರೂ ಓದಲ್ಲ. ನಾನೂ ಓದಿರಲಿಲ್ಲ.

ಜಲನಗರದವರ ಪೆಡಲ್ ಬಂತು. ಡಯೋಡ್ ಒಂದೇ ಹೋಗಿತ್ತು. ಈಗ ಹಾಡುತ್ತಿದೆ. ದ್ರಾಕ್ಷಿ ಇನ್ನೂ ಬಂದಿಲ್ಲ.

ಜಲನಗರ_ಬ್ಲೂಸ್ · ಅದೇ ರಾತ್ರಿ

ನಾಳೆ ಕಳಿಸುತ್ತೇನೆ ಕಾಕಾ, ಒಂದು ಕಿಲೋ. ಹಾಗೇ ಆ 0.1 ಕೆಪಾಸಿಟರ್ ಕೂಡ ಹಾಕಿಬಿಡುತ್ತೀರಾ? ಅದು ಟ್ಯೂಬ್ ಸ್ಕ್ರೀಮರ್ ನಕಲು. ನವನಗರದವರಿಗೆ ಹೇಳಬೇಡಿ.